ಮಾವನವರು ಹಿಡಿದ ತಂತಿ

ಮಾವನವರು ಆ ಒಂದು ಮಾತು ಆಡದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಬೆಳಗ್ಗೆ ಅಳಿಯ ಕೆಲಸಕ್ಕೆ ಹೊರಡುವಾಗ, "ಕೂತು ಮಾಡೋದು ಊಟ ಅಳಿಯಂದಿರೇ, ಕೆಲಸ ಅಲ್ಲ," ಎಂದುಬಿಟ್ಟರು.

ಮೂವತ್ತೆಂಟು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದು ನಿವೃತ್ತರಾದ ಲೈನ್‌ಮನ್ ಅವರು. ಅಳಿಯನೋ, ಬಾಗಿಲು ಕಿಟಕಿ ಮಾಡುವ ಕಂಪನಿಯಲ್ಲಿ ವೈಫೈ ನೋಡಿಕೊಳ್ಳುವವನು. ಕಣ್ಣಿಗೆ ಕಾಣದ್ದನ್ನು ನೋಡಿಕೊಳ್ಳುವುದು ಎಂಥ ಉದ್ಯೋಗವೆಂದು ಮಾವನವರಿಗೆ ಒಂಬತ್ತು ವರ್ಷಗಳಿಂದ ಬಗೆಹರಿದಿರಲಿಲ್ಲ.

ಅಳಿಯನಿಗೆ ರೋಷ ಬಂತು. ಮಾವನವರನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ನೇರ ಆಫೀಸಿಗೇ ಕರೆತಂದ.

ನಾಲ್ಕು ಮಹಡಿ, ಹಿಂದೊಂದು ಗೋದಾಮು. ಚಾವಣಿಯ ತುಂಬ ತಟ್ಟೆ ಬೋರಲು ಹಾಕಿದಂತೆ ನಲವತ್ತು ಬಿಳಿ ಡಬ್ಬಿಗಳು, ಒಂದೊಂದಕ್ಕೂ ಒಂದೊಂದು ಹಸಿರು ದೀಪ. ಮದುಮಗಳ ಒಡವೆ ತೋರಿಸುವವನಂತೆ ಅಳಿಯ ಪ್ರತಿಯೊಂದನ್ನೂ ತೋರಿಸಿದ. ಮೊದಲೆಲ್ಲ ಒಂದು ಡಬ್ಬಿ ಮುನಿಸಿಕೊಂಡರೂ ಏಣಿ ಹೊತ್ತು ಓಡಬೇಕಿತ್ತು, ಈಗ ನಲವತ್ತು ಕುದುರೆಗೂ ಒಂದೇ ಲಗಾಮು, ಅದು ತನ್ನ ಕೈಯಲ್ಲಿ ಎಂದ. ಹಳೆಯ ಕೇಬಲ್‌ಗಳನ್ನೆಲ್ಲ ಗುಜರಿಗೆ ಹಾಕಿಸಿದ್ದನ್ನೂ ಎದೆಯುಬ್ಬಿಸಿ ಹೇಳಿದ. ತಂತಿ ಬಿಸಾಡಿದ ಸುದ್ದಿಯನ್ನು ಮಾವನವರು ನೆಂಟರ ಸಾವಿನ ಸುದ್ದಿಯಂತೆ ತಲೆತಗ್ಗಿಸಿ ಕೇಳಿದರು.

ಅಷ್ಟರಲ್ಲಿ ಆರ್ಡರ್ ವಿಭಾಗದ ಅಕ್ಕ ಬಂದು, ತನ್ನ ಮೂಲೆಯಲ್ಲಿ ವೈಫೈ ಸಿಗುತ್ತಲೇ ಇಲ್ಲ ಎಂದಳು. ಹಿಂದೆಯೇ ಬಂದ ಗೋದಾಮಿನ ಮೇಲ್ವಿಚಾರಕ ಏಣಿ ತರಿಸಲೇ ಎಂದು ವಿಚಾರಿಸಿದ.

"ಏಣಿ ಯಾಕೆ? ಕೂತಲ್ಲೇ ಮಾಡ್ತೀನಿ ನೋಡ್ತಿರಿ," ಎಂದು ಅಳಿಯ ಲ್ಯಾಪ್‌ಟಾಪ್ ಬಿಚ್ಚಿದ.

ಆ ಒಂದು ಡಬ್ಬಿಯನ್ನು ಆರಿಸಿ ಮತ್ತೆ ಹಚ್ಚಿದರೆ ಮುಗಿಯುತ್ತಿತ್ತು. ಆದರೆ ಅವನ ಕಣ್ಣು ಮಾವನವರ ಮುಖದ ಮೇಲಿತ್ತು. ಬೆರಳು 'ಎಲ್ಲವೂ' ಎಂಬುದರ ಮೇಲೆ ಬಿತ್ತು.

ನಲವತ್ತು ದೀಪಗಳೂ ಒಟ್ಟಿಗೇ ಕಣ್ಣು ಮುಚ್ಚಿದವು. ಅಕ್ಕನ ಆರ್ಡರ್‌ಗಳು ಅರ್ಧಕ್ಕೇ ನಿಂತವು. ಗೋದಾಮಿನಲ್ಲಿ ಸ್ಕ್ಯಾನರ್‌ಗಳು ಮೂಕಬಸವನಂತಾದವು, ಗೇಟಿನಲ್ಲಿ ಮೂರು ಲಾರಿಗಳು ಹಾರನ್ ಹೊಡೆಯತೊಡಗಿದವು. ಮತ್ತೆ ಹಚ್ಚೋಣವೆಂದರೆ ಅವನ ಲ್ಯಾಪ್‌ಟಾಪೂ ಅದೇ ವೈಫೈಗೆ ಜೋತುಬಿದ್ದಿತ್ತು. ಕೂತ ಕೊಂಬೆಯನ್ನೇ ಕಡಿದುಕೊಂಡಿದ್ದ.

ಉಳಿದದ್ದು ಒಂದೇ ದಾರಿ: ಮೇಲಿನ ಮಹಡಿಯ ಕಪಾಟಿನಲ್ಲಿರುವ, ನಲವತ್ತೂ ಡಬ್ಬಿಗಳನ್ನು ಆಳುವ ಯಂತ್ರಕ್ಕೆ ಲ್ಯಾಪ್‌ಟಾಪಿನಿಂದ ನೇರ ಕೇಬಲ್ ಸಿಕ್ಕಿಸಬೇಕು. ಕೇಬಲ್ ಎಲ್ಲಿದೆ? ಇಡೀ ಕಟ್ಟಡ ಜಾಲಾಡಿದ ಮೇಲೆ ಅಕ್ಕನ ಮುರುಕು ಡ್ರಾಯರಿಗೆ ಬಿಗಿದು ಕಟ್ಟಿದ್ದ ಒಂದು ತುಂಡು ಸಿಕ್ಕಿತು. ಅದರ ತುದಿಯ ಕೊಕ್ಕೆ ಮುರಿದಿತ್ತು. ಸಿಕ್ಕಿಸಿದಷ್ಟು ಸಲವೂ ಜಾರಿ ಬಿತ್ತು. ಕಾಗದ ತುರುಕು ಎಂದ ಮೇಲ್ವಿಚಾರಕ. ಅಂಟು ಹಚ್ಚು ಎಂದಳು ಅಕ್ಕ. ಅಳಿಯನ ಬೆವರು ಕೀಲಿಮಣೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಮಾವನವರು ಅಂಗಿಯ ತೋಳು ಮಡಚಿ ಮಂಡಿಯೂರಿದರು. ವೈದ್ಯರು ನಾಡಿ ಹಿಡಿದಂತೆ ಆ ತುದಿಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು ಕಣ್ಣು ಮುಚ್ಚಿದರು.

"ಗಾಬರಿ ಬೇಡ. ಈಗ ಒತ್ತಿ."

ಅಳಿಯ ಒತ್ತಿದ. ನಾಲ್ಕೂ ಮಹಡಿಯಲ್ಲಿ ಹಸಿರು ದೀಪ ಹತ್ತಿದವು. ಗೋದಾಮಿನಿಂದ ಚಪ್ಪಾಳೆ ಕೇಳಿಸಿತು.

ತಿರುಗಿ ನೋಡಿದರೆ ಬಾಗಿಲಲ್ಲಿ ಕಂಪನಿಯ ಯಜಮಾನರು. ಇವರು ಯಾರೆಂದು ಕೇಳಿದರು. ಕೆಲಸದ ದಿನ ಜಂಭ ತೋರಿಸಲು ಮಾವನನ್ನು ಕರೆತಂದೆ ಎನ್ನಲಾದೀತೆ?

"ತಜ್ಞರು ಸರ್. ಮೂವತ್ತೆಂಟು ವರ್ಷದ ಅನುಭವ. ನಾನೇ ಕರೆಸಿದೆ."

ಮಾವನವರು ಇನ್ನೆರಡು ಅಂಗುಲ ಎತ್ತರವಾದರು. ಯಜಮಾನರು ಅವರನ್ನು ತಮ್ಮ ಕೋಣೆಗೆ ಕರೆದೊಯ್ದು, ಆಮೇಲೆ ತಮ್ಮ ಕಾರಿನಲ್ಲೇ ಮನೆಗೆ ಕಳಿಸಿಕೊಟ್ಟರು. ಗಂಡಾಂತರ ತಪ್ಪಿತು, ಮಾವನ ಕಣ್ಣಲ್ಲಿ ತನ್ನ ಬೆಲೆಯೂ ಏರಿತು ಎಂದು ಅಳಿಯ ಸಂಜೆಯವರೆಗೂ ಶಿಳ್ಳೆ ಹಾಕಿಕೊಂಡೇ ದುಡಿದ.

ಮನೆ ಮುಟ್ಟುವಾಗ ಹೆಂಡತಿ ಬೀದಿಯವರಿಗೆಲ್ಲ ಏನನ್ನೋ ಸಂಭ್ರಮದಿಂದ ಹೇಳುತ್ತಿದ್ದಳು. ಒಳಗೆ ಮಾವನವರು ಹೊಸ ಅಂಗಿ ತೊಟ್ಟು, ಕೈಯಲ್ಲೊಂದು ಕಾಗದ ಹಿಡಿದು ಕೂತಿದ್ದರು. ಕಂಪನಿಯ ಪತ್ರ. ವೈಫೈ ವಿಭಾಗಕ್ಕೆ ಅವರೇ ಮುಖ್ಯಸ್ಥರು.

"ಅಪ್ಪನ ಕೈಕೆಳಗೆ ಸದ್ಯಕ್ಕೆ ನೀವೊಬ್ರೇ ಅಂತೆ," ಎಂದಳು ಹೆಂಡತಿ, ಹೆಮ್ಮೆಯಿಂದ ಕಣ್ಣೊರೆಸಿಕೊಳ್ಳುತ್ತ.

ಮಾವನವರು ಅಳಿಯನ ಭುಜ ತಟ್ಟಿದರು. "ನಾಳೆಯಿಂದ ಎಂಟೂವರೆಗೇ ಬಂದುಬಿಡಿ. ಮತ್ತೆ, ಆಫೀಸಲ್ಲಿ ಮಾವ ಗೀವ ಅನ್ನಬೇಡಿ. ಸರ್ ಅನ್ನಿ."