ಬಯೋಡೇಟಾದ ಅಂಚಿನಲ್ಲಿ ನೆಂಟರು

ಬರೆದ ಕಾಗದದ ಪಕ್ಕದಲ್ಲಿ ಚೂರು ಖಾಲಿ ಜಾಗ ಕಂಡರೆ ಸಾಕು, ನಮ್ಮ ಕಡೆಯವರಿಗೆ ಕೈ ಕಡಿಯುತ್ತದೆ. ಹುಣಸೂರಿನ ಬಸ್ ಸ್ಟ್ಯಾಂಡ್ ಹತ್ತಿರ ನಾನು ಡಿಟಿಪಿ ಮತ್ತು ಇಂಟರ್‌ನೆಟ್ ಅಂಗಡಿ ಇಟ್ಟಿದ್ದ ಕಾಲದಲ್ಲಿ ಇದರಿಂದ ಆಗುತ್ತಿದ್ದ ಫಜೀತಿಗಳಿಗೆ ಲೆಕ್ಕವಿಲ್ಲ. ಇಲ್ಲಿ ಹೇಳುವುದು ಒಬ್ಬ ಗೆಳೆಯನ ಮದುವೆಯ ಸುತ್ತ ನಡೆದವು ಮಾತ್ರ. ಎಲ್ಲವೂ ನಿಜ. ನಿಜ ಸಪ್ಪೆಯಾಗಿದ್ದ ಕಡೆ ಉಪ್ಪು ಹಾಕಿದ್ದೇನೆ, ಅಷ್ಟೇ.

ಅಣ್ಣನೋ ತಮ್ಮನೋ

ಗೆಳೆಯ ಕಂಪಲಾಪುರದ ಹೊಗೆಸೊಪ್ಪಿನ ಬೆಳೆಗಾರ. ಜಮೀನಿತ್ತು, ಸೊಪ್ಪು ಬೇಯಿಸುವ ಬ್ಯಾರನ್ನಿತ್ತು, ಬೈಕಿತ್ತು. ಹೆಣ್ಣು ಮಾತ್ರ ಸಿಗುತ್ತಿರಲಿಲ್ಲ. ಹುಡುಕುವ ಹೊಣೆ ಹೊತ್ತವರು ಇಬ್ಬರು. ಒಬ್ಬರು ಕೆ.ಆರ್. ನಗರದ ಸೋದರಮಾವ, ರಿಟೈರ್ ಆದ ಮೇಷ್ಟ್ರು. ಇನ್ನೊಬ್ಬರು ಹ್ಯಾಂಡ್‌ಪೋಸ್ಟ್ ಅನ್ನುವ ಊರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಭಾವ, ಅಂದರೆ ಅಕ್ಕನ ಗಂಡ. ಯಾವುದೋ ಗೃಹಪ್ರವೇಶದಲ್ಲಿ ಒಬ್ಬರ ಎಲೆಗೆ ಪಾಯಸ ಬಂದು ಇನ್ನೊಬ್ಬರ ಎಲೆಗೆ ಬರದೆ, ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹಾಗಾಗಿ ಇಬ್ಬರೂ ನನ್ನ ಹತ್ತಿರವೇ ಬೇರೆ ಬೇರೆ ಬಯೋಡೇಟಾ ಮಾಡಿಸಿ ಹಂಚುತ್ತಿದ್ದರು. ಮಾವನ ಪ್ರತಿಯಲ್ಲಿ ಹುಡುಗನಿಗೆ ಇಪ್ಪತ್ತೊಂಬತ್ತು, ಪಿಯುಸಿ. ಭಾವನ ಪ್ರತಿಯಲ್ಲಿ ಮೂವತ್ತೊಂದು, ಬಿ.ಎ.

ಎರಡೂ ಪ್ರತಿ ಒಂದೇ ಮನೆಗೆ ಹೋದವು. ಕೆಳಗಡೆ ನನ್ನ ಅಂಗಡಿ ನಂಬರ್ ಇತ್ತಲ್ಲ, ಆ ಮನೆ ಯಜಮಾನರು ಫೋನ್ ಮಾಡಿದರು.

“ಏನ್ರೀ, ಎರಡು ಹುಡುಗ್ರೂ ಒಂದೇ ತರ ಅವ್ರಲ್ಲ, ಅಣ್ಣತಮ್ಮಂದ್ರಾ?”

ಬಾಯಿ ತಡೆಯಲಿಲ್ಲ. “ಹೂಂ ಯಜಮಾನ್ರೇ” ಅಂದೆ.

“ಅಂಗಾರೆ ಬಿ.ಎ. ಓದಿರೋ ದೊಡ್ಡೋನು ನಮ್ಗಿರ್ಲಿ ಬುಡಿ. ಚಿಕ್ಕೋನ್ನ ನಮ್ ತಂಗಿ ಮಗ್ಳಿಗೆ ಕೇಳ್ತೀನಿ.”

ಒಂದೇ ಫೋನಿನಲ್ಲಿ ಎರಡು ಮದುವೆ ಕುದುರಿಸಿ, ಕೈಯಲ್ಲಿ ಒಂದೇ ಗಂಡು ಇಟ್ಟುಕೊಂಡು ಕೂತಿದ್ದವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಸತ್ಯಕ್ಕೆ ಹತ್ತಿರ

ಆ ಎರಡೂ ಸಂಬಂಧ ತಪ್ಪಿಹೋಗುವಷ್ಟರಲ್ಲಿ ಇಂಟರ್‌ನೆಟ್ಟಿನಲ್ಲಿ ಹೊಸ ಸೌಕರ್ಯ ಬಂದಿತ್ತು. ಒಂದು ಕಾಗದವನ್ನು ಅಲ್ಲಿಟ್ಟರೆ ಬೇರೆ ಬೇರೆ ಊರಿನವರು ಅದನ್ನೇ ತೆಗೆದು ತಿದ್ದಬಹುದು. ಪಕ್ಕದಲ್ಲಿ ಕಾಮೆಂಟ್ ಬರೆಯಬಹುದು. “ಇನ್ನು ಎಲ್ಲರಿಗೂ ಒಂದೇ ಬಯೋಡೇಟಾ. ನನಗೆ ಬಿಡಿ” ಅಂತ ಎದೆ ತಟ್ಟಿ ಹೇಳಿ, ಇಬ್ಬರಿಗೂ ಅವರವರ ಊರಿನ ಸೈಬರ್ ಸೆಂಟರಿನಲ್ಲಿ ಪಾಠ ಮಾಡಿಸಿದೆ.

ಮಾವ ಮೊದಲ ದಿನವೇ ಬಯೋಡೇಟಾಗೆ ಹತ್ತಕ್ಕೆ ನಾಲ್ಕು ಮಾರ್ಕ್ಸ್ ಕೊಟ್ಟರು. ‘ಬಣ್ಣ: ಗೋಧಿ’ ಅಂತಿದ್ದ ಕಡೆ ಪಕ್ಕದಲ್ಲಿ, “ಇದು ಸತ್ಯಕ್ಕೆ ದೂರ. ರಾಗಿ ಎಂದು ತಿದ್ದುವುದು” ಎಂದು ಬರೆದರು. ಅದರ ಕೆಳಗೆ ಭಾವ, “ಹುಡುಗ ಸೋದರಮಾವನ್ನ ಹೋತಿದ್ದಾನೆ, ನಾವೇನು ಮಾಡೋಣ?” ಎಂದು ಬರೆದರು. ಎದುರೆದುರು ಕೂತರೆ ಮಾತಾಡದವರು ಅಂಚಿನಲ್ಲಿ ದಿನಾ ಕುಸ್ತಿಗೆ ನಿಂತರು.

ಒಂದು ದಿನ ಮಾವನ ಫೋನು. “ನಿನ್ನೆ ‘ಶ್ರಮಜೀವಿ’ ಅನ್ನೋ ಪದದ ಪಕ್ಕ ನಾನು ಬರೆದಿದ್ದು ಎಲ್ಲಪ್ಪ? ಎಷ್ಟು ಹುಡುಕಿದರೂ ಕಾಣ್ತಿಲ್ಲ!”

ಹುಡುಕಿದೆ. ಕಾಮೆಂಟೂ ಇಲ್ಲ, ಶ್ರಮಜೀವಿಯೂ ಇಲ್ಲ. ಕಾಮೆಂಟು ಯಾವ ಪದಕ್ಕೆ ಜೋತು ಬಿದ್ದಿದೆಯೋ ಆ ಪದವನ್ನೇ ಅಳಿಸಿದರೆ ಕಾಮೆಂಟೂ ಬಿದ್ದುಹೋಗುತ್ತದೆ ಅನ್ನುವುದನ್ನು ಭಾವ ಕಂಡುಹಿಡಿದುಬಿಟ್ಟಿದ್ದರು! ಮಾವನಿಗೂ ಗುಟ್ಟು ಗೊತ್ತಾಯಿತು. ಇವರ ಕಾಮೆಂಟ್ ತೆಗೆಯಲು ಅವರು ಎತ್ತರ ಅಳಿಸಿದರು, ಅವರದ್ದು ತೆಗೆಯಲು ಇವರು ಜಮೀನು ಅಳಿಸಿದರು. ಓದು ಹೋಯಿತು, ಬಣ್ಣ ಹೋಯಿತು, ಬೈಕೂ ಹೋಯಿತು. ಕೊನೆಗೆ ಹಾಳೆಯಲ್ಲಿ ಹುಡುಗನ ಹೆಸರೊಂದೇ ಉಳಿದಿತ್ತು. ಅದರ ಪಕ್ಕ ಮಾವನ ಕಾಮೆಂಟು: “ಈಗ ಸತ್ಯಕ್ಕೆ ಹತ್ತಿರವಾಗಿದೆ.”

ಅವ್ವ ಕಂಪ್ಯೂಟರ್ ಕಲಿತದ್ದು

ಹಳೇ ಪ್ರತಿಯನ್ನು ಹೇಗೋ ವಾಪಸ್ ತಂದೆ. ಅದರ ಜೊತೆಗೆ ಕಾಮೆಂಟುಗಳೂ ದಿಬ್ಬಣದ ಹಾಗೆ ವಾಪಸ್ ಬಂದವು. ಇವರಿಬ್ಬರನ್ನು ಹದ್ದುಬಸ್ತಿನಲ್ಲಿಡಲು ಯಾರಾದರೂ ದೊಡ್ಡವರು ಬೇಕಿತ್ತು. ಯೋಚಿಸಿ, ಗೆಳೆಯನ ತಾಯಿಯ ಹೆಸರಲ್ಲಿ ನಾನೇ ಒಂದು ಕಾಮೆಂಟ್ ಹಾಕಿದೆ: “ಸಾಕು ಮಾಡ್ರಪ್ಪ. ನನ್ ಮಗನ ಮದ್ವೆ ಮಾಡ್ತಿದ್ದೀರೋ, ಪಂಚಾಯ್ತಿ ಮಾಡ್ತಿದ್ದೀರೋ? – ಅವ್ವ.”

ಮದ್ದು ಕೆಲಸ ಮಾಡಿತು. ಕೆ.ಆರ್. ನಗರ ಗಪ್‌ಚುಪ್. ಹ್ಯಾಂಡ್‌ಪೋಸ್ಟಿನಿಂದ “ಆಗಲಿ ಅತ್ತೆ” ಅಂತ ಬಂತು. ನಾನು ಮೀಸೆ ತಿರುವಿಕೊಂಡೆ. ಆದರೆ ಮಾವ ಅಷ್ಟಕ್ಕೇ ಬಿಡದೆ ತಮ್ಮ ಅಕ್ಕನಿಗೇ, ಅಂದರೆ ಗೆಳೆಯನ ತಾಯಿಗೇ ಫೋನ್ ಹಚ್ಚಿಬಿಟ್ಟರು.

“ಅಕ್ಕ, ನೀನು ಕಂಪ್ಯೂಟರ್‌ನಾಗೆ ಬರ್ದಿದ್ಯಾ?”

ಕಂಪ್ಯೂಟರನ್ನು ಹತ್ತಿರದಿಂದ ನೋಡಿರದ ಆ ತಾಯಿ ಒಂದು ಗಳಿಗೆಯೂ ತಡವರಿಸಲಿಲ್ಲವಂತೆ. “ಊಂ ಕಣಪ್ಪ, ಬರ್ದೆ. ಏನೀಗ?”

ಮುಂದಿನ ಸಂತೆಯ ದಿನ ಅವ್ವ ನನ್ನ ಅಂಗಡಿಗೆ ಬಂದು, ಬ್ಯಾಗು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕೂತರು. ಕೋಪ ಮಾಡ್ತಾರೆ ಅಂತ ನಾನು ಮುದುರಿಕೊಂಡೆ.

“ಯಾರ್ಲಾ ನನ್ ಎಸ್ರಲ್ಲಿ ಬರ್ದೋನು?”

“ನಾನೇ ಕಣವ್ವ.”

“ನನ್ ಜನ್ಮದಲ್ಲಿ ಆ ಇಬ್ರೂ ನನ್ ಮಾತು ಕೇಳಿರ್ನಿಲ್ಲ. ಮುಂದ್ಕೆ ಬರಿ, ನಾನ್ ಯೋಳ್ತೀನಿ.”

ಅವತ್ತಿನಿಂದ ಪ್ರತಿ ಸಂತೆಗೂ ಅವ್ವ ಬಂದು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಕೈ ನನ್ನದು, ಗದರಿಕೆ ಅವರದು. ನನಗೂ ಕಾಮೆಂಟ್ ಬಿದ್ದಿದೆ: “ಫೋಟೋ ಆಕೋ ಅಂದ್ರೆ ಬರೀ ಅಲ್ಲು ಕಾಣೋದ್ ಆಕವ್ನೆ.” ಅದನ್ನೂ ನಾನೇ ಟೈಪ್ ಮಾಡಬೇಕಾಯಿತು.

ಮುಚ್ಚಿದ್ದು ಯಾರ ಕಣ್ಣಿಗೆ

ಈ ನಡುವೆ ಗೆಳೆಯ ಸಾಲಿಗ್ರಾಮದ ಒಂದು ಮದುವೆಗೆ ಹೋಗಿ, ಅಲ್ಲಿ ಒಬ್ಬ ಹುಡುಗಿಯನ್ನು ನೋಡಿ, ಊಟ ಮಾಡುವುದನ್ನೇ ಮರೆತು ಬಂದ. ಹುಡುಗಿ ಕಂಪ್ಯೂಟರ್ ಹೇಳಿಕೊಡುವವಳು. ಅವರ ಮನೆಯವರು ಬಯೋಡೇಟಾ ಕಳಿಸಿ ಅಂದರಂತೆ.

“ಲೇ, ಇದೊಂದ್ ಕೆಟ್ರೆ ನಾನ್ ಇನ್ಯಾರ್ನೂ ನೋಡಾಕಿಲ್ಲ ಕಣ್ಲಾ. ಆ ಕಾಮೆಂಟೆಲ್ಲ ತೆಗ್ದು ಕಳ್ಸು” ಅಂದ.

“ಯಾರ್ ಹತ್ರ ಯೋಳ್ತಿದ್ದೀಯ!” ಅಂದೆ. ಕಾಮೆಂಟ್ ಮುಚ್ಚುವ ಗುಂಡಿ ಒತ್ತಿದೆ. ಎಲ್ಲವೂ ಮಾಯ. ಹಾಳೆ ತೊಳೆದ ತಟ್ಟೆಯ ಹಾಗೆ ಹೊಳೆಯಿತು. ಲಿಂಕ್ ಕಳಿಸಿದೆ.

ಮಾರನೇ ದಿನ ತೆಗೆದು ನೋಡಿದರೆ ಅಂಚಿನಲ್ಲಿ ಹೊಸ ಬರಹ! ಆ ಗುಂಡಿ ಮುಚ್ಚಿದ್ದು ನನ್ನ ಕಣ್ಣಿಗೆ ಮಾತ್ರ. ಸಾಲಿಗ್ರಾಮದಲ್ಲಿ ಎಲ್ಲವೂ ಬಾಗಿಲು ತೆಗೆದ ಮನೆಯ ಹಾಗೆ ಕಾಣುತ್ತಿತ್ತು. ಹುಡುಗಿ ಒಂದೊಂದಕ್ಕೂ ಉತ್ತರ ಬರೆದಿದ್ದಳು. ವಯಸ್ಸಿನ ಪಕ್ಕ: “ಎರಡು ವಯಸ್ಸಿದೆ. ಫೈನಲ್ ಆದ ಮೇಲೆ ತಿಳಿಸಿ.” ಫೋಟೋದ ಹಲ್ಲಿನ ಕಾಮೆಂಟಿಗೆ: “ನೋಡಿದ್ದೇನೆ. ಮದುವೆಮನೆಯಲ್ಲಿ ಪೂರ್ತಿ ಹೊತ್ತು ಬಾಯಿ ಬಿಟ್ಟುಕೊಂಡು ನಿಂತಿದ್ದರು.” ಬಣ್ಣದ ಪಕ್ಕ: “ನಾವೂ ರಾಗಿ ತಿನ್ನುವವರೇ.” ಎಲ್ಲಕ್ಕಿಂತ ಕೆಳಗೆ: “ಭಾನುವಾರ ಬನ್ನಿ. ಕಾಮೆಂಟ್ ಬರೆದವರೆಲ್ಲರೂ ಬರಬೇಕು.”

ಗೆಳೆಯ ಓದಿ ಕುರ್ಚಿಗೆ ಕುಸಿದ. “ಕರ್ದು ಉಗಿಯೋಕಾ, ಒಪ್ಪೋಕಾ?”

“ಒಪ್ಪೋಕೇ” ಅಂದೆ. ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳುವುದರಲ್ಲಿ ನನ್ನದು ಎತ್ತಿದ ಕೈ.

ಸಾಲಿಗ್ರಾಮದ ಪಡಸಾಲೆ

ಸುಮೋದಲ್ಲಿ ಮಾವ ಮುಂದೆ, ಭಾವ ಹಿಂದೆ, ನಡುವೆ ಗಡಿ ಕಾಯುವಂತೆ ಅವ್ವ. ಹುಡುಗಿ ಕಾಫಿ ತಟ್ಟೆ ಹಿಡಿದು ಬರುತ್ತಾಳೆ ಅಂದುಕೊಂಡರೆ, ಕಾಮೆಂಟ್ ಸಮೇತ ಪ್ರಿಂಟ್ ತೆಗೆದ ಬಯೋಡೇಟಾ ಹಿಡಿದು ಬಂದಳು.

“‘ಬೆಳಿಗ್ಗೆ ಬೇಗ ಏಳುವುದಿಲ್ಲ.’ ಇದು ಯಾರದ್ದು?”

ಜೀವಮಾನವೆಲ್ಲ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿದ್ದ ಮಾವ ತಾವೇ ಎದ್ದು ನಿಂತರು. “ನಂದಮ್ಮ.”

“‘ಹಬ್ಬಕ್ಕೆ ಮಾತ್ರ ಇಸ್ಪೀಟು’?”

ಭಾವ ಅರ್ಧ ಎದ್ದರು. “ಹೊಗಳಿ ಬರೆದಿದ್ದು ತಾಯಿ ಅದು.”

ಹುಡುಗಿ ಗೆಳೆಯನ ಕಡೆ ತಿರುಗಿದಳು. “ಇಷ್ಟು ಜನ ಬರೆದಿದ್ದಾರೆ. ನೀವು ಒಂದು ಅಕ್ಷರನೂ ಬರೆದಿಲ್ಲವಲ್ಲ, ಯಾಕೆ?”

ಗೆಳೆಯ ಮಾವನನ್ನು ನೋಡಿದ, ಭಾವನನ್ನು ನೋಡಿದ, ಅವ್ವನನ್ನು ನೋಡಿದ, ನನ್ನನ್ನು ಸ್ವಲ್ಪ ಜಾಸ್ತಿ ಹೊತ್ತೇ ನೋಡಿದ. “ಇವ್ರು ಜಾಗ ಬುಟ್ರೆ ತಾನೇ ಮೇಡಂ?”

ಹುಡುಗಿ ನಗು ತಡೆಯಲಾಗದೆ ಪ್ರಿಂಟನ್ನೇ ಮುಖಕ್ಕೆ ಅಡ್ಡ ಹಿಡಿದಳು. ಅವರಪ್ಪ ಒಂದು ಗಳಿಗೆ ಮಗಳನ್ನೇ ನೋಡಿ, ಒಳಕ್ಕೆ ಕೂಗಿದರು: “ತಾಂಬೂಲದ ತಟ್ಟೆ ತತ್ತಾರಮ್ಮಿ. ಊಟದ್ ಎಲೆನೂ ಆಕ್ಸು.”

ಮಾವ ಭಾವನ ಕೈ ಕುಲುಕಿದರು. ಇದಕ್ಕೆಲ್ಲ ನಾನೇ ಕಾರಣ ಅಂತ ನಾನು ಎಲ್ಲರಿಗೂ ಕೇಳುವಂತೆ ಎರಡು ಸಲ ಹೇಳಿದೆ. ಅಷ್ಟರಲ್ಲಿ ಹುಡುಗಿಯ ತಾಯಿ ಪ್ರಿಂಟನ್ನು ಕೈಯಲ್ಲಿ ಹಿಡಿದುಕೊಂಡೇ ನೇರ ನನ್ನ ಹತ್ತಿರ ಬಂದರು.

“ಬನ್ನಿ, ಮೊದಲನೇ ಎಲೆಗೆ ನೀವೇ ಕೂರಬೇಕು. ಅವ್ವ ಬರ್ದವ್ರಲ್ಲ: ‘ಹುಣಸೂರಿನ ಅಂಗಡಿಯವನು ಬಂಗಾರದಂಥ ಮನುಷ್ಯ. ಯಾರ ಮನೆಗೆ ಹೋದರೂ ಅವನಿಗೆ ಮೊದಲು ಬಡಿಸತಕ್ಕದ್ದು’ ಅಂತ.”

ನಾನು ನಾಚಿದಂತೆ ಮಾಡಿ ಪಂಚೆ ಸರಿಮಾಡಿಕೊಂಡು ಎದ್ದೆ. ಹಿಂದಿನಿಂದ ಅವ್ವನ ದನಿ ಬಂತು.

“ಮಿಕ್ಕಿದ್ದೆಲ್ಲ ನಂದೇ ಕಣವ್ವ. ಅದೊಂದ್ ಮಾತ್ರ ನಂದಲ್ಲ. ಅವ್ನಿಗೆ ಕೊನೇ ಪಂಕ್ತೀಲಿ ಆಕಿ.”