ತಳ ಸುಟ್ಟ ಬೋಗಾಣಿ

ನನ್ನ ಕೆಲಸದಾಗ ನಗೂವಂಥಾ ಪ್ರಸಂಗ ಭಾಳ ಆಗ್ಯಾವ್ರೀ, ಆದ್ರ ಯಾವಾಗ್ಲೂ ಯಾರದರ ಕುತ್ತಿಗಿಗೆ ಬಂದಾಗನ ಆಗ್ಯಾವ. ಎರಡು ಸಾವಿರ ಇಸ್ವಿ ಆಜುಬಾಜು ನಾ ಖಾನಾಪುರದಿಂದ ದಿನಾ ಬಸ್ಸಿನ್ಯಾಗ ಬೆಳಗಾವಿ ಉದ್ಯಮಬಾಗಕ್ಕ ಹೋಗತಿದ್ದೆ. ಅಲ್ಲಿ ಒಂದು ಫೌಂಡ್ರಿಗೆ ನಮ್ಮ ಸಣ್ಣ ಕಂಪನಿ ಒಂದು ಡಬ್ಬಿ ಮಾಡಿ ಕೊಟ್ಟಿತ್ತು. ಭಟ್ಟಿ ಎಷ್ಟು ಕಾದೈತಿ ಅನ್ನೂದು ವೈರಿನ್ಯಾಗ ಪ್ಯಾಕೆಟ್ ಪ್ಯಾಕೆಟ್ ಆಗಿ ಬರೂದು, ಡಬ್ಬಿ ಅದನ್ನ ಬರಕೊಂಡು ಆಫೀಸಿಗೆ ತೋರಸೂದು. ಅದರ ಕರ್ನಲ್, ಅಂದ್ರ ಡಬ್ಬಿ ನಡಸೂ ಮೂಲ ಪ್ರೋಗ್ರಾಮು, ಅದರೊಳಗಿನ ನೆಟ್‌ವರ್ಕ್ ಕೋಡ್ ನಂದು. ಬಂದ ಪ್ಯಾಕೆಟ್ಟಿಗೆ ಮೆಮರಿಯೊಳಗ ಒಂದು ಬಫರ್, ಅಂದ್ರ ಇಡಾಕ ಒಂದಿಷ್ಟು ಜಾಗಾ, ಇಸಕೋಬೇಕು, ಕೆಲಸ ಮುಗದ ಮ್ಯಾಲೆ ವಾಪಸ್ ಕೊಡಬೇಕು. ಇಷ್ಟ ಕೆಲಸ. ಇಷ್ಟರಾಗ ಒಬ್ಬರ ನೌಕರಿ ಸಿಕ್ಕೊಂಡಿತು.

೧. ರೆಪ್ಪಿ ಇಲ್ಲದ್ದು

ಮುಂಜಾನೆ ಚಾಲೂ ಮಾಡಿದ ಡಬ್ಬಿ ಮಧ್ಯಾಹ್ನದ ಹೊತ್ತಿಗೆ ಕಲ್ಲಾಗಿ ಕುಂದರತಿತ್ತು. ಹಂಗ ಕೂತ ಡಬ್ಬಿ ಒಂದು ದಿನಾ ಹಳೇ ಕಾವನ್ನ ತೋರಸ್ಕೋತ ಇದ್ದಾಗ ಭಟ್ಟಿ ಮಿತಿಮೀರಿ ಕಾದು ಎರಕದ ಮಾಲೆಲ್ಲಾ ಕೆಟ್ಟುಹೋತು. ಭಟ್ಟಿ ಕಾಯಾಂವ ಒಬ್ಬ ವಯಸ್ಸಾದ ಮನಷ್ಯಾ, ಎಲ್ಲಾರೂ ಚಾಚಾ ಅಂತಿದ್ರು. ಹೇಣ್ತಿಗೆ ನೆಹರು ನಗರದ ದವಾಖಾನಿ ಔಷಧ ಚಾಲೂ ಇತ್ತು, ಪಗಾರ ನಿಂತ್ರ ಔಷಧನೂ ನಿಲ್ಲತಿತ್ತು. ಡಬ್ಬಿಯೊಳಗ ಆ ಹೊತ್ತಿನ ಬರವಣಿಗಿನ ಇಲ್ಲ, ಅಂದ್ರ ನೀ ಮಲಗಿದ್ದಿ ಅಂತ ಮ್ಯಾನೇಜರ್ ನೋಟೀಸ್ ಕೊಟ್ರು. ಮಲಗಿದ್ದು ನಾನಲ್ಲ, ಮಷೀನು ಅಂತ ಚಾಚಾ ಹೇಳಿದ.

ಮ್ಯಾನೇಜರ್ ಅವನ ಮಾರಿ ನೋಡಿ, “ಮಷೀನಕ್ಕ ರೆಪ್ಪಿ ಎಲ್ಲೈತೋ?” ಅಂದ್ರು.

೨. ಸೂಟಿ ದಿನಾ

ತಪಾಸ ಮಾಡಾಕ ನನ್ನ ಕರಿಸಿದ್ರು. ಕಾರಖಾನಿ ಗದ್ದಲದಾಗ ತಲಿ ಓಡೂದಿಲ್ಲಂತ ನಾ ಶಾಣ್ಯಾ ಸೂಟಿ ದಿನಾ ಹೋದೆ. ಮುಂಜಾನೆಯಿಂದ ಸಂಜೀತನಾ ಡಬ್ಬಿ ಒಮ್ಮೆನೂ ನಿಲ್ಲಲಿಲ್ಲ. ಡಬ್ಬಿಯೊಳಗ ಏನೂ ದೋಷ ಇಲ್ಲಂತ ಬರದು ಸಹಿ ಹಾಕಿಬಂದೆ. ಆ ಕಾಗದನ ಚಾಚಾನ ಮ್ಯಾಲೆ ಎರಡನೇ ಸಾಕ್ಷಿ ಆತು. ಮರುದಿನಾ ಊಟದ ಹೊತ್ತಿಗೆ ಡಬ್ಬಿ ಮತ್ತ ಕೂತಿತು. ನನಗ ಮಾರಿ ಎತ್ತಾಕ ಆಗಲಿಲ್ಲ.

ಚಾಚಾ ಸಿಟ್ಟಾಗಲಿಲ್ಲ. ಬಾಜೂಕ ಕೂತು, ಕ್ರೇನ್ ಜಾಸ್ತಿ ಓಡಿದ ದಿನಾ ಇದು ಲಗೂ ಕೂಡತೈತಿ ಅಂತ ಹೇಳಿದ. ಖರೇನ, ನಮ್ಮ ವೈರ್ ಕ್ರೇನಿನ ಕೇಬಲ್ಲಿಗೆ ಹತ್ತಿ ಹೋಗಿತ್ತು. ಕ್ರೇನ್ ಓಡಿದಾಗೊಮ್ಮೆ ಪ್ಯಾಕೆಟ್ ಕೆಡತಿದ್ದವು. ಆದ್ರ ಕೆಟ್ಟ ಪ್ಯಾಕೆಟ್ ನನ್ನ ಕೋಡ್ ಒಗದ ಬಿಡತಿತ್ತು, ಡಬ್ಬಿ ಯಾಕ ನಿಲ್ಲಬೇಕು? ಕ್ರೇನ್ ನಿಂತ ಸೂಟಿ ದಿನಾ ಅಷ್ಟ ಹೆಂಗ ಓಡಿತೋ ಏನೋ ಅಂತ ತಲಿ ಕೆರಕೊಂಡೆ.

“ಸೂಟಿ ದಿನಾ ನನಗೂ ದಣಿವಾಗೂದಿಲ್ಲ ಸಾಬ್,” ಅಂದ ಚಾಚಾ.

೩. ಆಯಿಯ ಊಟ

ಖಾನಾಪುರದಾಗ ನಮ್ಮ ಗಲ್ಲಿಗೆ ಕೂಡಿ ತಗೊಂಡ ದೊಡ್ಡ ಬೋಗಾಣಿ ಅದಾವ. ಲಗ್ನಕ್ಕ, ಸತ್ತವರ ಊಟಕ್ಕ ಅಡಗಿ ಮಾಡಾಕ ಒಯ್ಯೂದು, ತಿಕ್ಕಿ ವಾಪಸ್ ಇಡೂದು. ನೋಡಕೊಳ್ಳಾವರು ನಮ್ಮ ಕಾಕಾ. ಬಾಜೂ ಮನಿ ಆಯಿ ತೀರಿಕೊಂಡು ಹದಿಮೂರನೇ ದಿನದ ಊಟಕ್ಕ ನೋಡ್ತೇವಿ, ಕಾಕಾನ ಹತ್ರ ಒಂದೂ ಬೋಗಾಣಿ ಇಲ್ಲ! ನಾನೂ ಕಾಕಾನೂ ಮನಿ ಮನಿ ಹುಡಕಿದ್ವಿ. ಎಲ್ಲಾರ ಅಟ್ಟದ ಮ್ಯಾಲೂ ತಳ ಸುಟ್ಟ ಬೋಗಾಣಿ ಒಂದೊಂದು. ಚೊಲೋ ಇದ್ದದ್ದನ್ನ ಮರುದಿನಾನ ತಿಕ್ಕಿ ಕೊಡ್ತಾರ. ಸುಟ್ಟದ್ದನ್ನ ಕೊಡಾಕ ನಾಚಿಕಿ, ಮುಚ್ಚಿಡತಾರ. ಕಾಕಾನ ಅಟ್ಟದ ಮ್ಯಾಲನ ಎರಡಿದ್ದವು.

ಆಗ ನನಗ ಹೊಳೀತು. ನನ್ನ ಕೋಡ್ ಮಾಡೂದೂ ಇದನ್ನ. ಚೊಲೋ ಪ್ಯಾಕೆಟ್ಟಿನ ಬಫರ್ ವಾಪಸ್ ಕೊಡತೈತಿ. ಕೆಟ್ಟ ಪ್ಯಾಕೆಟ್ ಬಂದ್ರ ಛೀ ಅಂತ ಮರೀತೈತಿ, ಬಫರ್ ಅಲ್ಲೇ ಉಳೀತೈತಿ. ಹಂಗ ಉಳದು ಉಳದು ಮಧ್ಯಾಹ್ನಕ್ಕ ಕೊಡಾಕ ಒಂದೂ ಬಫರ್ ಇಲ್ಲ! ನಾ ಆಯಿಯ ಫೋಟೋದ ಮುಂದ ನಿಂತು ಜೋರಾಗಿ ನಕ್ಕುಬಿಟ್ಟೆ.

ಆಯಿಯ ಮಗ ಮಾಲಿ ಹಾಕೂದು ಬಿಟ್ಟು, “ನಮ್ಮವ್ವ ಸತ್ತದ್ದು ನಿನಗ ಇಷ್ಟು ಖುಷಿ ಆತೇನಪಾ?” ಅಂದ.

೪. ಲಾರಿ ಬಂತು

ಕೆಟ್ಟದ್ದರ ಬಫರೂ ವಾಪಸ್ ಕೊಡು ಅಂತ ಕೋಡಿನ್ಯಾಗ ಒಂದ ಸಾಲು ಸೇರಿಸಿದ್ರ ಮುಗೀತಿತ್ತು. ಗಡಿಬಿಡ್ಯಾಗ ಎರಡು ಕಡೆ ಸೇರಿಸಿದೆ. ಒಂದ ಬಫರ್ ಎರಡು ಸಲ ವಾಪಸ್ ಕೊಟ್ಟಂಗಾತು, ಕರ್ನಲ್ ಅದನ್ನ ಎರಡು ಕೆಲಸಕ್ಕ ಹಂಚಿತು. ಗೇಟಿನ ತೂಕದ ಕಾಟಾನೂ ಅದ ವೈರಿನ ಮ್ಯಾಲೆ ಇತ್ತು. ಆಫೀಸಿನ್ಯಾಗ ಭಟ್ಟಿ ಕಾವು ತೋರಸೂ ಜಾಗಾದಾಗ ಲಾರಿ ತೂಕ ಬಂದು ಕೂತಿತು. ಮ್ಯಾನೇಜರ್ ಭಟ್ಟಿ ಸಿಡೀತೈತಂತ ತಿಳದು ಎಲ್ಲಾರನ್ನೂ ಹೊರಗ ಓಡಿಸಿ ತಾವೂ ಓಡಿದ್ರು. ಚಾಚಾ ಒಬ್ಬನ ಭಟ್ಟಿಯ ಬಣ್ಣಾ ನೋಡ್ಕೋತ ನಿಂತಿದ್ದ.

“ಒಳಗ ಬರ್ರಿ ಸಾಬ್,” ಅಂದ, “ಭಟ್ಟಿ ಅಲ್ಲ, ಕಲ್ಲಿದ್ದಲಿ ಲಾರಿ ಬಂದೈತಿ.”

೫. ಎಲ್ಲಾ ವಾಪಸ್

ಆಮ್ಯಾಲೆ ಸರಿ ಮಾಡಿದೆ. ಡಬ್ಬಿ ತಿಂಗಳಗಟ್ಟಲೆ ನಿಲ್ಲಲಿಲ್ಲ. ತಪ್ಪು ನಂದು ಅಂತ ಬರದು ಕೊಟ್ಟೆ, ಚಾಚಾನ ನೋಟೀಸ್ ಹರದು ಹಾಕಿದ್ರು. ಚಾಚಾ ಹೇಣ್ತಿ ಕೈಲೆ ಮಾಡಿಸಿದ ಶಿರಕುರ್ಮಾ ತಂದು ಕೊಟ್ಟ. ಸುಟ್ಟ ಬೋಗಾಣಿ ಕತಿ ಅವಗ ಹೇಳ್ಕೋತ ನಾ ಎದಿ ಉಬ್ಬಿಸಿ ತಿಂದೆ.

ಮುಂದಿನ ವಾರ ಮ್ಯಾನೇಜರ್ ಅವನ್ನ ಕರದ್ರು. ಡಬ್ಬಿ ಈಗ ದಿನಾಪೂರ್ತಿ ಎಚ್ಚರ ಇರತೈತಿ, ಭಟ್ಟಿ ಕಾಯಾಕ ಮನಷ್ಯಾ ಯಾಕ ಬೇಕು ಅಂತ ಲೆಕ್ಕಾ ಚುಕ್ತಾ ಮಾಡಿದ್ರು. ಬೈಗಳಾ ಇಲ್ಲ, ಆರೋಪ ಇಲ್ಲ. ಸುದ್ದಿ ಕೇಳಿ ನಾ ಓಡಿ ಬಂದೆ. ನಾ ಅವನ ನೌಕರಿ ಉಳಸಾಕ ಹೋಗಿ ನಾನ ತಗದಿದ್ದೆ.

ಚಾಚಾ ಸ್ಟೋರಿನ ಮುಂದ ನಿಂತು ಕಂಪನಿ ಸಾಮಾನು ಒಂದೊಂದ ಎಣಸಿ ಇಡ್ಲಿಕ್ಕತ್ತಿದ್ದ. ಕನ್ನಡಕ, ಬೂಟು, ಚರ್ಮದ ಗ್ಲೌಸು. ಹೆಬ್ಬಟ್ಟು ಸುಟ್ಟುಹೋದ ಹಳೇ ಗ್ಲೌಸ್ ಒಂದನ್ನ ಮನಿಯಿಂದ ಹುಡುಕಿ ತಂದಿದ್ದ, ಅದನ್ನೂ ಇಟ್ಟ. ಇದು ಬ್ಯಾಡೋ ಅಂದ ಸ್ಟೋರಿನಾಂವ. ಇರಲಿ ಅಂದ ಚಾಚಾ. ಆಮ್ಯಾಲೆ ನನ್ನ ಕಡೆ ಹೊಳ್ಳಿ ನಕ್ಕ.

“ಸುಟ್ಟದ್ದನ್ನ ವಾಪಸ್ ಕೊಡಲಿಲ್ಲಂತ ನಿಮ್ಮ ಡಬ್ಬಿ ನಿಂತಿತ್ತು ಅಂದ್ರಲ್ಲ ಸಾಬ್. ನಾ ಸುಟ್ಟದ್ದನ್ನೂ ಕೊಟ್ಟೇನಿ. ನನ್ನ ಪಗಾರ ಯಾಕ ನಿಂತಿತು?”