ಮೂರು ಹತ್ತರ ಗೇರುಬೀಜ

ಶಿಸ್ತಿನ ಮನುಷ್ಯರಿಗೆ ಒಂದು ತೊಂದರೆ ಉಂಟು: ತಪ್ಪನ್ನೂ ಅವರು ಹೊತ್ತಿಗೆ ಸರಿಯಾಗಿಯೇ ಮಾಡುತ್ತಾರೆ. ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಮುದ್ರೆ ಒತ್ತಿ ನಿವೃತ್ತನಾದ ನಾನು ಐದಕ್ಕೆ ಏಳುತ್ತೇನೆ, ಐದೂವರೆಗೆ ಕದ್ರಿ ಪಾರ್ಕಿನಲ್ಲಿ ಎರಡು ಸುತ್ತು ನಡೆಯುತ್ತೇನೆ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ಹೆಂಡತಿ ಸುಮತಿ ಮಲಗಿರುವಾಗ, ಅವಳು ಪಾಯಸಕ್ಕೆಂದು ತೆಗೆದಿಟ್ಟ ಡಬ್ಬಿಯಿಂದ ನಾಲ್ಕು ಗೇರುಬೀಜ ತಿನ್ನುತ್ತೇನೆ. ತಿನ್ನುತ್ತಿದ್ದೆ ಎನ್ನಬೇಕು. ಈಚೆಗೆ ತುಟಿ ತುರಿಸಿ ಊದತೊಡಗಿತು. "ಎಂತ ತಿಂದದ್ದು ನೀವು?" ಎಂದಳು ಸುಮತಿ. "ಎಂತದೂ ಇಲ್ಲ" ಎಂದೆ. ಡಾಕ್ಟರಮ್ಮ ಬಾದಾಮಿ, ಗೇರುಬೀಜಗಳ ಅಲರ್ಜಿ ನೋಡಲು ರಕ್ತಪರೀಕ್ಷೆ ಬರೆದುಕೊಟ್ಟರು.

ರಕ್ತಪರೀಕ್ಷೆ ಎಂದ ಮೇಲೆ ಹನ್ನೆರಡು ಗಂಟೆ ಉಪವಾಸ. ಇದು ನಾನೇ ಮಾಡಿಕೊಂಡ ಕಾನೂನು. ಕೊಟ್ಟಾರದ ಲ್ಯಾಬಿನಲ್ಲಿ ಸೂಜಿ ಹಿಡಿದ ಹುಡುಗಿ ನಕ್ಕಳು. "ಇದಕ್ಕೆ ಖಾಲಿ ಹೊಟ್ಟೆ ಬೇಡ ಮಾರಾಯ್ರೆ. ಬನ್ಸ್ ತಿಂದು ಬಂದಿದ್ರೂ ಆಗ್ತಿತ್ತು." ಹಸಿವಿಗೆ ಕಣ್ಣು ತಾನಾಗಿ ಮುಚ್ಚಿತು. ಹೆದ್ದಾರಿಯ ಸದ್ದು ದೂರ ಸರಿದು, ನಾನು ಚಿಕ್ಕಂದಿನ ಗುಡ್ಡದಲ್ಲಿದ್ದೆ. ಕೆಂಪು, ಹಳದಿ ಹಣ್ಣು ಬಿದ್ದ ನೆಲ. ತೂತು ಬಿದ್ದ ತಗಡಿನ ಮೇಲೆ ಅಜ್ಜಿ ಬೀಜ ಸುಡುತ್ತಿದ್ದರು. ಹೊಗೆ ಮೆಲ್ಲನೆ ಆಕಾಶಕ್ಕೆ ಹೋಗುತ್ತಿತ್ತು, ಅದಕ್ಕೆ ಅವಸರವೇ ಇರಲಿಲ್ಲ. ಕೈಗೆ ಬಿಸಿ ಬೀಜ ಬೀಳುವಷ್ಟರಲ್ಲಿ "ಆಯ್ತು, ಹತ್ತಿ ಒತ್ತಿ ಹಿಡ್ಕೊಳ್ಳಿ" ಎಂದಳು ಹುಡುಗಿ.

ವರದಿ ಬಂದಾಗ ಸುಮತಿಯೂ ಜೊತೆಗೆ ಬಂದಳು. "ಗೇರುಬೀಜದ್ದು ಜಾಸ್ತಿ ಉಂಟು ಸರ್" ಎಂದರು ಡಾಕ್ಟರಮ್ಮ. "ಆದ್ರೆ ಕಾಗದ ಒಂದೇ ಸಾಲದು. ತಿಂದು ಎಂತದೂ ಆಗದವರಿಗೂ ಕೆಲವೊಮ್ಮೆ ಹೀಗೆ ಬರ್ತದೆ, ಅವರು ಬಿಡ್ಬೇಕಂತ ಇಲ್ಲ. ನಿಮಗೆ ತಿಂದ್ರೆ ಎಂತ ಆಗ್ತದೆ? ಸರಿಯಾಗಿ ಹೇಳಿ. ಊತ ಗಂಟಲಿಗೆ ಬಂದ್ರೆ ಕಷ್ಟ."

ಸುಳ್ಳು ಹೇಳಿದರೆ ಬೀಜವೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ನಾನು ಉಳಿಯುವುದು ಮಾತ್ರ ಸಂಶಯ. "ಮೂರು ಹತ್ತಕ್ಕೆ ತಿನ್ನುತ್ತೇನೆ, ನಾಲ್ಕು" ಎಂದೆ. "ಮೂರು ಹದಿನೈದಕ್ಕೆ ತುರಿಕೆ. ಮೂರು ಇಪ್ಪತ್ತಕ್ಕೆ ಊತ."

"ಇಷ್ಟು ಕರೆಕ್ಟಾಗಿ ಯಾರೂ ಹೇಳುವುದಿಲ್ಲ ಸರ್" ಎಂದು ಮೆಚ್ಚಿ, ಗೇರುಬೀಜ ಪೂರ್ತಿ ನಿಲ್ಲಿಸಿದರು. ಸುಮತಿ ಸೆರಗು ಸರಿಮಾಡಿಕೊಂಡಳು.

ಮರುದಿನ ಮೂರು ಹತ್ತಕ್ಕೆ ಅಭ್ಯಾಸಬಲದಿಂದ ಕಾಲು ಅಡುಗೆಮನೆಗೆ ನಡೆಯಿತು. ಡಬ್ಬಿ ಇರಲಿಲ್ಲ. ಕೋಣೆಯಿಂದ ಸುಮತಿಯ ಸ್ವರ ಕೇಳಿಸಿತು: "ಅದನ್ನು ಪಕ್ಕದ ಮನೆಗೆ ಕೊಟ್ಟೆ. ನೀವು ತಿಂದು ಮುಗಿಸುವವರೆಗೆ ದಿನಾ ಕಣ್ಣು ಮುಚ್ಚಿ ಬಿದ್ಕೊಂಡು ನನಗೂ ಸಾಕಾಗಿತ್ತು. ಇನ್ನಾದ್ರೂ ನಿದ್ರೆ ಮಾಡ್ತೇನೆ."

ಈ ಮನೆಯ ವೇಳಾಪಟ್ಟಿ ನನ್ನದೆಂದು ನಾನು ತಿಳಿದಿದ್ದೆ.